ಎರಡು ಪವರ್ ಸಪ್ಲೈ, ಜೋಡಿ ಡಿಸ್ಕ್ ಇದ್ದರೂ ಸರ್ವರ್ ನಿಲ್ಲುವುದೇಕೆ?

ಕಡಲತಡಿ

ದಕ್ಷಿಣ ಕನ್ನಡದ ಒಂದು ಪತ್ತಿನ ಸಹಕಾರ ಸಂಘದ ಕಂಪ್ಯೂಟರ್ ವಿಭಾಗ ನನ್ನದು. ವಿಭಾಗ ಎಂದರೆ ನಾನೊಬ್ಬನೇ. ಹೊಸ ಸರ್ವರ್ ಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಎರಡು ಕೊಟೇಶನ್ ಬಂದಿವೆ. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ದುಬಾರಿಯದರಲ್ಲಿ ಎರಡು ಪವರ್ ಸಪ್ಲೈ, ಇಸಿಸಿ ಮೆಮೊರಿ (ತನ್ನ ತಪ್ಪನ್ನು ತಾನೇ ಹಿಡಿದು ತಿದ್ದುವಂಥದ್ದು), ಯಂತ್ರ ಓಡುತ್ತಿರುವಾಗಲೇ ಬದಲಿಸಬಹುದಾದ ಡಿಸ್ಕ್ ಮತ್ತು ಫ್ಯಾನ್, ಕೊನೆಯಲ್ಲಿ ‘ಶೇ 99.999 ಲಭ್ಯತೆ’ ಎಂಬ ಒಂದು ಸಾಲು.

ನನ್ನ ಅನುಮಾನಕ್ಕೆ ಕಾರಣವಿದೆ. ಹಳೆಯ ಸರ್ವರ್‌ನಲ್ಲಿಯೂ ಎಲ್ಲವೂ ಎರಡೆರಡು ಇದ್ದವು. ಆದರೂ ಕಳೆದ ಮಳೆಗಾಲದಲ್ಲಿ ಅದು ನಿಂತಿತು. ಒಂದೇ ದತ್ತಾಂಶವನ್ನು ಎರಡರಲ್ಲೂ ಇಡುವ ಜೋಡಿ ಡಿಸ್ಕ್‌ಗಳಲ್ಲಿ ಒಂದು ನಾನು ಕೆಲಸಕ್ಕೆ ಸೇರುವ ಮೊದಲೇ ಸತ್ತಿತ್ತಂತೆ. ಮಳೆಗಾಲದಲ್ಲಿ ಸತ್ತದ್ದು ಎರಡನೆಯದು. ಮೊದಲನೆಯದರ ಹಳದಿ ದೀಪ ಅಷ್ಟೂ ಕಾಲ ಮಿನುಗುತ್ತಲೇ ಇತ್ತು, ಬೀಗ ಹಾಕಿದ ಕಬ್ಬಿಣದ ಬಾಗಿಲಿನ ಹಿಂದೆ. ಆ ಸಂಜೆ ಪಿಗ್ಮಿ ಸಂಗ್ರಾಹಕರೆಲ್ಲ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೊಟ್ಟು ಹೋದರು.

ನಮ್ಮ ಖಜಾಂಚಿಯವರ ಪ್ರಶ್ನೆ: ಅದೇ ದುಡ್ಡಿಗೆ ಎರಡು ಮೂರು ಸಾಮಾನ್ಯ ಪಿಸಿ ತಂದರಾಗದೇ? ದುಬಾರಿ ಯಂತ್ರದಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾವುದು ಅಲಂಕಾರ?

ಹಳೆಯ ಮೇನ್‌ಫ್ರೇಮಿಗ

ನಿಮ್ಮ ಹಳೆಯ ಸರ್ವರ್‌ಗೆ ತನ್ನ ಡಿಸ್ಕ್ ಸತ್ತದ್ದು ಗೊತ್ತಿತ್ತು. ಅದನ್ನು ಮನುಷ್ಯರಿಗೆ ಹೇಳುವ ದಾರಿಯನ್ನು ಯಾರೂ ಮಾಡಿರಲಿಲ್ಲ. ಈ ಮಾತನ್ನು ಮೊದಲು ಖಜಾಂಚಿಯವರಿಗೆ ಹೇಳಿ.

ವಿಶ್ವಾಸಾರ್ಹತೆ, ಲಭ್ಯತೆ, ದುರಸ್ತಿಯ ಸುಲಭತೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಐಬಿಎಂ ಕಂಪನಿಯ ದೈತ್ಯ ಕಂಪ್ಯೂಟರ್‌ಗಳಾದ ಮೇನ್‌ಫ್ರೇಮ್‌ಗಳಿಂದ ಬಂದದ್ದು. 1970ರಲ್ಲಿ ಬಂದ ಸಿಸ್ಟಮ್/370ರ ಯಂತ್ರಗಳಲ್ಲಿ ಒಂದು ಸೂಚನೆ ತಪ್ಪಾಗಿ ನಡೆದರೆ ಅದನ್ನೇ ಮತ್ತೊಮ್ಮೆ ನಡೆಸಿ ನೋಡುವ ಏರ್ಪಾಡು ಇತ್ತು. ಏಕೆಂದರೆ ಬಹಳಷ್ಟು ದೋಷಗಳು ಕ್ಷಣಿಕ. ಎರಡನೆಯ ಸಲ ಸರಿಹೋಗುತ್ತವೆ.

ಐಬಿಎಂನದೇ 1998ರ ಜಿ5 ಪ್ರೊಸೆಸರ್ ಇದನ್ನು ಎಷ್ಟು ದೂರ ಒಯ್ದಿತೆಂದು ನೋಡಿ. ಸೂಚನೆಗಳನ್ನು ಬಿಡಿಸುವ ಮತ್ತು ನಡೆಸುವ ಭಾಗಗಳು ಒಂದೇ ಚಿಪ್‌ನಲ್ಲಿ ಎರಡೆರಡು ಇದ್ದವು. ಎರಡೂ ಒಂದೇ ಕೆಲಸ ಮಾಡುತ್ತಿದ್ದವು, ಫಲಿತಾಂಶಗಳನ್ನು ಹೋಲಿಸಲಾಗುತ್ತಿತ್ತು. ತಾಳೆಯಾದರೆ ಮಾತ್ರ ಆ ಸ್ಥಿತಿ ಪ್ರತ್ಯೇಕವಾದ ಒಂದು ಭಾಗದಲ್ಲಿ ದಾಖಲಾಗುತ್ತಿತ್ತು. ತಾಳೆಯಾಗದಿದ್ದರೆ ಕೊನೆಯ ದಾಖಲೆಗೆ ಹಿಂದಿರುಗಿ ಮತ್ತೆ ಪ್ರಯತ್ನ. ಆಗಲೂ ಆಗದಿದ್ದರೆ ಆ ದಾಖಲೆಯನ್ನೇ ಬಿಡುವಾಗಿದ್ದ ಇನ್ನೊಂದು ಪ್ರೊಸೆಸರ್‌ಗೆ ದಾಟಿಸಿ ಕೆಲಸ ಮುಂದುವರಿಸುವುದು. ನಡೆಯುತ್ತಿದ್ದ ಪ್ರೋಗ್ರಾಮ್‌ಗೆ ಇದರ ಸುಳಿವೂ ಇರುತ್ತಿರಲಿಲ್ಲ. ಮುಂದೆ 2008ರ ಜ಼ಡ್10ರಲ್ಲಿ ಈ ಇಮ್ಮಡಿಯನ್ನು ಕೈಬಿಟ್ಟು ಪ್ರತಿ ಘಟ್ಟದ ಒಳಗೇ ಪರೀಕ್ಷಾ ಸರ್ಕ್ಯೂಟ್‌ಗಳನ್ನು ಹೆಣೆದರು. ದಾರಿ ಬದಲಾಯಿತು, ಕ್ರಮ ಬದಲಾಗಲಿಲ್ಲ: ಮೊದಲು ತಪ್ಪನ್ನು ಹಿಡಿ, ಅದು ಡಿಸ್ಕ್‌ಗೋ ಜಾಲಕ್ಕೋ ಹೊರಟುಹೋಗುವ ಮುನ್ನ ತಡೆ, ಆಮೇಲೆ ಸರಿಪಡಿಸು. ತಪ್ಪು ಮೊತ್ತ ಪಾಸ್‌ಬುಕ್‌ನಲ್ಲಿ ಅಚ್ಚಾದ ಮೇಲೆ ಹಿಡಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ನಿಮ್ಮ ಸಂಘಕ್ಕೆ ಮೇನ್‌ಫ್ರೇಮ್ ಬೇಕೆಂದು ಹೇಳುತ್ತಿಲ್ಲ. ಕೊಟೇಶನ್‌ನ ಪ್ರತಿ ಸಾಲಿಗೂ ‘ಇದು ಕೆಟ್ಟರೆ ತಿಳಿಯುವುದು ಹೇಗೆ’ ಎಂದು ಕೇಳಿ. ಉತ್ತರವಿಲ್ಲದ ಸಾಲು ಅಲಂಕಾರ.

ಲೆಕ್ಕದವಳು

ಆ ಐದು ಒಂಬತ್ತುಗಳ ಸಾಲನ್ನು ಕೊಟೇಶನ್‌ನಿಂದ ತೆಗೆಸಿಬಿಡಿ. ಶೇ 99.999 ಎಂದರೆ ಇಡೀ ವರ್ಷದಲ್ಲಿ ಐದೇಕಾಲು ನಿಮಿಷ ಮಾತ್ರ ನಿಲ್ಲಬಹುದು. ಒಂದು ಸರ್ವರ್ ಮರುಚಾಲನೆಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಬಿಡಿ ಪೆಟ್ಟಿಗೆಗೆ ಆ ಅಂಕಿ ಅಂಟಿಸುವುದು ಮಾರಾಟದ ಮಾತು.

ಲಭ್ಯತೆಯ ಸೂತ್ರ ಸರಳ: ಎರಡು ಕೆಡುಕುಗಳ ನಡುವಿನ ಸರಾಸರಿ ಕಾಲವನ್ನು, ಅದೇ ಕಾಲ ಮತ್ತು ಸರಾಸರಿ ದುರಸ್ತಿ ಕಾಲ ಎರಡರ ಮೊತ್ತದಿಂದ ಭಾಗಿಸಿ. ಯಂತ್ರ ನಾಲ್ಕು ವರ್ಷಕ್ಕೊಮ್ಮೆ ಕೆಡುತ್ತದೆ ಎಂದುಕೊಳ್ಳೋಣ, ಅಂದರೆ 35,040 ಗಂಟೆ. ದುರಸ್ತಿಗೆ ಎರಡು ದಿನ ಬೇಕಾದರೆ ಲಭ್ಯತೆ ಸುಮಾರು ಶೇ 99.86. ಅದೇ ದುರಸ್ತಿ ಎರಡು ಗಂಟೆಯಲ್ಲಿ ಮುಗಿದರೆ ಶೇ 99.994. ಯಂತ್ರದ ಗುಣಮಟ್ಟ ಕೂದಲೆಳೆಯಷ್ಟೂ ಬದಲಾಗಿಲ್ಲ, ಗಮನಿಸಿ. ದುರಸ್ತಿಯನ್ನು ಎರಡು ದಿನಕ್ಕೇ ಬಿಟ್ಟು ಈ ಅಂಕಿ ಮುಟ್ಟಬೇಕಾದರೆ 96 ವರ್ಷಕ್ಕೊಮ್ಮೆ ಕೆಡುವ ಯಂತ್ರ ಬೇಕು. ಅಂಥದ್ದು ಎಲ್ಲಿ ಸಿಗುತ್ತದೆ?

ಡಿಸ್ಕ್ ಪೆಟ್ಟಿಗೆಯ ಮೇಲಿನ ‘10 ಲಕ್ಷ ಗಂಟೆ’ ಓದಿ ಆ ಡಿಸ್ಕ್ 114 ವರ್ಷ ಬಾಳುತ್ತದೆ ಎಂದು ತಿಳಿಯುವವರಿದ್ದಾರೆ. ಅಂಥ ಸಾವಿರ ಡಿಸ್ಕ್‌ಗಳನ್ನು ಓಡಿಸಿದರೆ ವರ್ಷಕ್ಕೆ ಸುಮಾರು ಒಂಬತ್ತು ಕೆಡುತ್ತವೆ ಎನ್ನುವುದಷ್ಟೇ ಅದರ ಅರ್ಥ, ಅದೂ ಅವುಗಳ ಹರೆಯದಲ್ಲಿ.

ಸ್ಕ್ರೂಡ್ರೈವರ್

ಲೆಕ್ಕದವಳು ಹೇಳಿದ ದುರಸ್ತಿಯ ಗಂಟೆಗಳನ್ನು ದುಡಿಯುವವನು ನಾನು. ಸರ್ವರ್ ರಿಪೇರಿ ನನ್ನ ಹೊಟ್ಟೆಪಾಡು. ಹಾಗಾಗಿ ಕೊಂಚ ಉದ್ದವಾಗಿಯೇ ಬರೆಯುತ್ತೇನೆ.

ಟ್ಯಾಂಡೆಮ್ ಎಂಬ ಕಂಪನಿ 1976ರಿಂದ ನಿಲ್ಲದ ಕಂಪ್ಯೂಟರ್‌ಗಳನ್ನೇ ಮಾರುತ್ತಿತ್ತು. ಬ್ಯಾಂಕು, ಷೇರುಪೇಟೆಗಳೇ ಅದರ ಗಿರಾಕಿಗಳು. ಅಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಗ್ರಾಹಕರ ದೋಷವರದಿಗಳನ್ನು ಗುಡ್ಡೆಹಾಕಿ ಕಾರಣ ಹುಡುಕಿದರು. ಹಾರ್ಡ್‌ವೇರ್ ಶೇ 18. ಸಾಫ್ಟ್‌ವೇರ್ ಶೇ 25. ವಿದ್ಯುತ್ತು, ತಂಪು ಮುಂತಾದ ಹೊರಗಿನ ಕಾರಣ ಶೇ 14. ನಡೆಸುವವರು, ಹೊಂದಿಸುವವರು, ರಿಪೇರಿ ಮಾಡುವವರು ಸೇರಿ ಶೇ 42! ಅಂದರೆ ಹಾರ್ಡ್‌ವೇರನ್ನು ಗಟ್ಟಿ ಮಾಡುತ್ತ ಹೋದಂತೆ ಉಳಿಯುವ ದೊಡ್ಡ ಅಪಾಯ ನನ್ನಂಥವರ ಕೈ.

ಒಳ್ಳೆಯ ವಿನ್ಯಾಸಕಾರರು ಆ ಕೈಯನ್ನು ನೆನೆದೇ ಪೆಟ್ಟಿಗೆ ಮಾಡುತ್ತಾರೆ. ಹಲವು ದೊಡ್ಡ ತಯಾರಕರ ಸರ್ವರ್‌ಗಳಲ್ಲಿ ಇಟ್ಟಿಗೆ ಬಣ್ಣದ ಅಥವಾ ಕಿತ್ತಳೆ ಹಿಡಿ ಕಂಡರೆ ಯಂತ್ರ ಓಡುತ್ತಿರುವಾಗಲೇ ಎಳೆಯಬಹುದು. ನೀಲಿಯಿದ್ದರೆ ಕೈಹಾಕುವ ಜಾಗ ಅದೇ, ಆದರೆ ಮೊದಲು ಯಂತ್ರ ಆರಿಸಬೇಕಾಗಬಹುದು. ಮುಚ್ಚಳದ ಸ್ಕ್ರೂ ಬಿಚ್ಚಿದರೂ ಮುಚ್ಚಳದಲ್ಲೇ ಉಳಿಯಬೇಕು, ಮದರ್‌ಬೋರ್ಡ್ ಮೇಲೆ ಉರುಳಬಾರದು. ಫ್ಯಾನ್ ತೆಗೆಯಲು ಮೂರು ಕೇಬಲ್ ಕಳಚಬೇಕಾದರೆ ಆ ಮೂರರಲ್ಲಿ ಒಂದು ಮರಳಿ ಸರಿಯಾಗಿ ಕೂರುವುದಿಲ್ಲ ಎಂದೇ ಭಾವಿಸಿ. ಡಿಸ್ಕ್‌ನ ಕನೆಕ್ಟರ್ ಹತ್ತಿರದಿಂದ ನೋಡಿ: ಪಿನ್‌ಗಳ ಉದ್ದ ಒಂದೇ ಸಮನಿರುವುದಿಲ್ಲ. ಉದ್ದನೆಯ ಗ್ರೌಂಡ್ ಪಿನ್ ಮೊದಲು ತಾಗುತ್ತದೆ, ಉಳಿದವು ಆಮೇಲೆ. ಓಡುವ ಯಂತ್ರಕ್ಕೆ ಡಿಸ್ಕ್ ತಳ್ಳಿದರೂ ಕಿಡಿ ಹಾರದಿರುವುದು ಇಂಥ ಸಣ್ಣ ಯೋಚನೆಗಳಿಂದ.

ಮುಖ್ಯವಾದದ್ದು, ಕೆಟ್ಟ ಭಾಗವೇ ‘ನಾನು ಕೆಟ್ಟಿದ್ದೇನೆ’ ಎಂದು ಹೇಳಬೇಕು. ಒಂದು ಡಿಸ್ಕ್ ಸತ್ತಾಗ ಪಕ್ಕದ ಚೆನ್ನಾಗಿರುವ ಡಿಸ್ಕನ್ನು ಎಳೆದು ಇಡೀ ದತ್ತಾಂಶ ಕಳೆದವರ ಕಥೆ ನಮ್ಮ ವೃತ್ತಿಯಲ್ಲಿ ಯಾರನ್ನು ಕೇಳಿದರೂ ಸಿಗುತ್ತದೆ. ಗುರುತಿನ ದೀಪ ಸರ್ವರ್‌ನ ಮುಂದೆಯೂ ಹಿಂದೆಯೂ ಇರುವುದು ಅದಕ್ಕೇ: ಮುಂದೆ ಗುಂಡಿ ಒತ್ತಿ ಹಿಂದೆ ಹೋದಾಗ ಬೇರೆ ಯಂತ್ರದ ತಂತಿ ಕೀಳಬಾರದು.

ಸ್ಟ್ರಾಟಸ್ ಎಂಬ ಇನ್ನೊಂದು ಕಂಪನಿಯ ಯಂತ್ರಗಳು 1980ರ ದಶಕದಲ್ಲೇ ಬೋರ್ಡ್ ಕೆಟ್ಟರೆ ತಾವೇ ಕಂಪನಿಗೆ ದೂರವಾಣಿ ಕರೆ ಮಾಡುತ್ತಿದ್ದವು. ಬದಲಿ ಬೋರ್ಡ್ ಕೊರಿಯರ್‌ನಲ್ಲಿ ಬಂದಾಗಲೇ ಗ್ರಾಹಕನಿಗೆ ವಿಷಯ ತಿಳಿಯುತ್ತಿತ್ತೆಂದು ಹೇಳುತ್ತಾರೆ. ನಿಮ್ಮ ಹಳದಿ ದೀಪದ ಎದುರು ಇದನ್ನು ಇಟ್ಟು ನೋಡಿ.

ಕಡಲತಡಿ

ಎಲ್ಲರಿಗೂ ಧನ್ಯವಾದ. ಹಾಗಾದರೆ ದೀಪದ ಸುದ್ದಿ ನನ್ನ ಮೊಬೈಲ್‌ಗೆ ಬರುವಂತೆ ಮಾಡಬಹುದೇ?

ಇನ್ನೊಂದು ವಿಷಯ. ಅಗ್ಗದ ಕೊಟೇಶನ್ ಕೊಟ್ಟವರು ‘ಡಿಡಿಆರ್5 ಎಂಬ ಹೊಸ ತಲೆಮಾರಿನ ಮೆಮೊರಿಯೊಳಗೇ ಇಸಿಸಿ ಇದೆ, ಪ್ರತ್ಯೇಕವಾಗಿ ದುಡ್ಡು ಸುರಿಯಬೇಡಿ’ ಎನ್ನುತ್ತಿದ್ದಾರೆ. ನಿಜವೇ?

ಸ್ಕ್ರೂಡ್ರೈವರ್

ಮೊಬೈಲ್‌ಗೆ ಖಂಡಿತ ಬರುತ್ತದೆ. ಸರ್ವರ್ ಬೋರ್ಡ್ ಮೇಲೆ ನಿರ್ವಹಣೆಗೆಂದೇ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಮುಖ್ಯ ಯಂತ್ರ ಆರಿದ್ದರೂ ಅದು ಎಚ್ಚರವಾಗಿರುತ್ತದೆ. ಅದಕ್ಕೆ ಪ್ರತ್ಯೇಕ ನೆಟ್‌ವರ್ಕ್ ತಂತಿ ಕೊಟ್ಟು, ಇಮೇಲ್ ವಿಳಾಸ ತುಂಬಿ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ. ಅಂತರ್ಜಾಲಕ್ಕೆ ಮಾತ್ರ ಅದನ್ನು ತೆರೆದಿಡಬೇಡಿ. ಸಾಮಾನ್ಯ ಪಿಸಿಯಲ್ಲಿ ಈ ಪುಟ್ಟ ಕಂಪ್ಯೂಟರ್ ಇರುವುದಿಲ್ಲ. ಖಜಾಂಚಿಯವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಬಿಟ್ ಕಾವಲುಗಾರ್ತಿ

ಮೆಮೊರಿ ಪರೀಕ್ಷೆಯೇ ನನ್ನ ಕೆಲಸವಾದ್ದರಿಂದ ಇಸಿಸಿ ಪ್ರಶ್ನೆ ನನ್ನ ಪಾಲಿಗಿರಲಿ. ಅವರು ಹೇಳಿದ್ದು ಅರ್ಧಸತ್ಯ.

ಡಿಡಿಆರ್5 ಚಿಪ್‌ನೊಳಗೆ ಪ್ರತಿ 128 ಬಿಟ್‌ಗೆ 8 ಪರೀಕ್ಷಾ ಬಿಟ್‌ಗಳಿರುವುದು ನಿಜ. ಒಂದೊಂದು ಬಿಟ್ ಹಿಡಿದಿಡುವ ಕೋಶಗಳು ಅತಿ ಸಣ್ಣದಾಗಿ ಚಿಪ್ ತಯಾರಿಕೆಯೇ ಕಷ್ಟವಾದ್ದರಿಂದ ಬಂದ ಏರ್ಪಾಡು ಅದು. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಬಿಟ್ ಕೆಟ್ಟರೆ ಅದು ಕಾಯುವುದಿಲ್ಲ. ಯಾವ ಮೆಮೊರಿ ಪಟ್ಟಿ (ಚಿಪ್‌ಗಳನ್ನು ಕೂರಿಸಿದ ಉದ್ದನೆಯ ತುಂಡು) ದುರ್ಬಲವಾಗುತ್ತಿದೆ ಎಂದು ಸರ್ವರ್ ಇಸಿಸಿಯಂತೆ ನಿಮಗೆ ವರದಿ ಒಪ್ಪಿಸುವುದೂ ಇಲ್ಲ. ಸರ್ವರ್‌ನ ಇಸಿಸಿ ಪಟ್ಟಿಯಲ್ಲಿ ಹೆಚ್ಚುವರಿ ಚಿಪ್‌ಗಳೇ ಇರುತ್ತವೆ. ಹಿಂದಿನ ತಲೆಮಾರುಗಳಲ್ಲಿ 64 ಬಿಟ್ ದತ್ತಾಂಶದ ಜೊತೆ 8 ಪರೀಕ್ಷಾ ಬಿಟ್ ಸೇರಿ 72 ಬಿಟ್ ಹರಿಯುತ್ತಿದ್ದವು. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ತಿದ್ದಲಾಗದಿದ್ದರೂ ತಪ್ಪಿದೆ ಎಂದು ಹೇಳುತ್ತದೆ. ಇದರ ಬೇರು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಸಂಕೇತಗಳಲ್ಲಿದೆ. ವಾರಾಂತ್ಯದಲ್ಲಿ ಅವರು ರಿಲೇ ಕಂಪ್ಯೂಟರ್‌ಗೆ ಕೆಲಸ ಹಚ್ಚಿ ಹೋದರೆ, ಒಂದು ತಪ್ಪು ಸಿಕ್ಕೊಡನೆ ಅದು ಆ ಕೆಲಸ ಬಿಟ್ಟು ಮುಂದಿನದಕ್ಕೆ ಹೋಗಿಬಿಡುತ್ತಿತ್ತು. ತಪ್ಪಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಿದೆ ಎಂದೇಕೆ ತಿಳಿಯಬಾರದು ಎಂಬ ಸಿಟ್ಟಿನಿಂದ ಹುಟ್ಟಿದ ಗಣಿತ ಅದು.

ಬಿಟ್ ತಾನಾಗಿ ಸೊನ್ನೆಯಿಂದ ಒಂದಕ್ಕೋ ಒಂದರಿಂದ ಸೊನ್ನೆಗೋ ತಿರುಗುತ್ತದೆಯೇ ಎಂದು ಕೇಳುವವರಿಗೆ: 1970ರ ದಶಕದ ಕೊನೆಯಲ್ಲಿ ಇಂಟೆಲ್ ಚಿಪ್‌ಗಳ ಬಿಟ್‌ಗಳು ತಿರುಗಿದ್ದು ಚಿಪ್‌ನ ಹೊದಿಕೆಯಲ್ಲಿ ಸೇರಿಕೊಂಡಿದ್ದ ವಿಕಿರಣಶೀಲ ಅಂಶದ ಆಲ್ಫಾ ಕಣಗಳಿಂದ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಹೆಚ್ಚು ಬಂದಿದ್ದವು. ಅದು ಎರಡರ ಹನ್ನೆರಡನೆಯ ಘಾತ, ಅಂದರೆ ಒಂದೇ ಬಿಟ್‌ನ ಬೆಲೆ. ಕಾಸ್ಮಿಕ್ ಕಿರಣದ ಮೇಲೆ ಗುಮಾನಿ ಬಿತ್ತು, ಸಾಬೀತಾಗಲಿಲ್ಲ. ಠೇವಣಿ ಖಾತೆಯಲ್ಲಿ ಹೀಗಾದರೆ?

ಆದರೆ ಹೆಚ್ಚಿನ ತೊಂದರೆ ಆಕಾಶದಿಂದ ಬರುವುದಿಲ್ಲ. ಗೂಗಲ್ ತನ್ನ ಸರ್ವರ್‌ಗಳ ಮೆಮೊರಿ ದೋಷಗಳ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ಕ್ಕೂ ಹೆಚ್ಚು ಪಟ್ಟಿಗಳಲ್ಲಿ ತಿದ್ದಬಹುದಾದ ದೋಷ ಕಂಡುಬಂದಿತ್ತು. ಒಮ್ಮೆ ತಪ್ಪಿದ ಪಟ್ಟಿಯೇ ಮತ್ತೆ ಮತ್ತೆ ತಪ್ಪುತ್ತಿತ್ತು. ಆದ್ದರಿಂದ ಇಸಿಸಿ ಕೊಂಡು ಅದರ ದಾಖಲೆಯನ್ನು ಓದದಿದ್ದರೆ ಮತ್ತೊಂದು ಹಳದಿ ದೀಪ ಕೊಂಡಂತೆಯೇ.

ಎರಡು ಪಿಸಿ ಪಕ್ಷ

ಕ್ಷಮಿಸಿ, ಖಜಾಂಚಿಯವರ ಪರ ವಾದಿಸಲು ಯಾರೂ ಇಲ್ಲವೆಂದು ಬರೆಯುತ್ತಿದ್ದೇನೆ. ಇವೆಲ್ಲ ಒಂದು ಪೆಟ್ಟಿಗೆಯನ್ನು ಅಮರಗೊಳಿಸುವ ಹಳೆಯ ಹಟ. ಗೂಗಲ್ ಬೆಳೆದದ್ದೇ ಅಗ್ಗದ ಯಂತ್ರಗಳ ಮೇಲೆ: ಒಂದು ಸತ್ತರೆ ಇನ್ನೊಂದು. ಎರಡು ಪಿಸಿ ತಂದು ಡೇಟಾಬೇಸನ್ನು ಎರಡರಲ್ಲೂ ಇಡಿ. ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದು ಇರುತ್ತದೆ. ದುಬಾರಿ ಸರ್ವರ್‌ನ ಎರಡೂ ಪವರ್ ಸಪ್ಲೈಗಳು ಒಂದೇ ಪೆಟ್ಟಿಗೆಯಲ್ಲಿವೆಯಲ್ಲ? ಮಳೆನೀರು ಸೋರಿದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಹಳೆಯ ಮೇನ್‌ಫ್ರೇಮಿಗ

ನಿಮ್ಮ ಕೊನೆಯ ಮಾತು ಒಪ್ಪಿದೆ. ಎರಡನೆಯ ಯಂತ್ರ ಬೇಕೇ ಬೇಕು, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ. ಆದರೆ ಅದು ‘ಸತ್ತರೆ’ ಎಂಬ ಸಂದರ್ಭಕ್ಕೆ ಮಾತ್ರ ಮದ್ದು. ಸಾಯದೆ ಸುಳ್ಳು ಹೇಳಿದರೆ?

2021ರಲ್ಲಿ ಗೂಗಲ್ ಮತ್ತು ಫೇಸ್‌ಬುಕ್ ಎರಡೂ ಇದನ್ನೇ ಬರೆದವು. ಸಾವಿರಾರು ಪ್ರೊಸೆಸರ್‌ಗಳ ನಡುವೆ ಕೆಲವು ಕೋರ್‌ಗಳು (ಪ್ರೊಸೆಸರ್‌ನೊಳಗೆ ಲೆಕ್ಕ ಮಾಡುವ ಘಟಕಗಳು) ಯಾವ ಎಚ್ಚರಿಕೆಯನ್ನೂ ಕೊಡದೆ ತಪ್ಪು ಲೆಕ್ಕ ಮಾಡುತ್ತವೆ. ಫೇಸ್‌ಬುಕ್ ಕೊಟ್ಟ ಉದಾಹರಣೆ: 1.1ರ 53ನೆಯ ಘಾತದ ಪೂರ್ಣಾಂಕ ಭಾಗ 156 ಬರಬೇಕು; ಒಂದು ನಿರ್ದಿಷ್ಟ ಕೋರ್ ಸೊನ್ನೆ ಕೊಡುತ್ತಿತ್ತು. ಹೀಗಾದಾಗ ಎರಡನೆಯ ಪಿಸಿಗೆ ನಕಲಾಗುವುದು ತಪ್ಪು ಉತ್ತರವೇ. ಎರಡೂ ಪ್ರತ್ಯೇಕವಾಗಿ ಲೆಕ್ಕ ಹಾಕಿದರೂ ಭಿನ್ನ ಉತ್ತರ ಬಂದಾಗ ಯಾವುದನ್ನು ನಂಬುವುದು? ಸ್ಟ್ರಾಟಸ್‌ನವರು ಒಂದು ಬೋರ್ಡ್ ಮೇಲೆ ಎರಡು ಪ್ರೊಸೆಸರ್ ಇಟ್ಟು ಹೋಲಿಸಿ, ಭಿನ್ನವಾದರೆ ಇಡೀ ಬೋರ್ಡನ್ನೇ ಬದಿಗೆ ಸರಿಸಿ, ಅಂಥದೇ ಇನ್ನೊಂದು ಬೋರ್ಡ್‌ನಿಂದ ಕೆಲಸ ಮುಂದುವರಿಸಿದ್ದು ಇದಕ್ಕೇ. ಒಂದು ಕೆಲಸಕ್ಕೆ ನಾಲ್ಕು ಪ್ರೊಸೆಸರ್!

ಹಿಡಿಯುವುದಷ್ಟೇ ಸಾಲದು ಎನ್ನುವುದಕ್ಕೂ ಸಾಕ್ಷಿಯಿದೆ. ಸನ್ ಮೈಕ್ರೋಸಿಸ್ಟಮ್ಸ್‌ನ ಅಲ್ಟ್ರಾಸ್ಪಾರ್ಕ್-2 ಸರ್ವರ್‌ಗಳ ಪ್ರೊಸೆಸರ್ ಹೊರಗಿನ ಕ್ಯಾಷ್ ಎಂಬ ವೇಗದ ಮೆಮೊರಿಗೆ ತಪ್ಪನ್ನು ಹಿಡಿಯುವ ಪ್ಯಾರಿಟಿ ಮಾತ್ರ ಇತ್ತು, ಇಸಿಸಿ ಇರಲಿಲ್ಲ. ಬಿಟ್ ತಿರುಗಿದ್ದು ಗೊತ್ತಾಗುತ್ತಿತ್ತು, ತಿದ್ದಲು ಬರುತ್ತಿರಲಿಲ್ಲ. 2000ದ ಸುಮಾರಿಗೆ ದೊಡ್ಡ ದೊಡ್ಡ ಗಿರಾಕಿಗಳ ಯಂತ್ರಗಳು ಹಾಗೆ ನಿಂತು ಕಂಪನಿಯ ಹೆಸರು ಕೆಟ್ಟಿತು.

ಎರಡು ಪಿಸಿ ಪಕ್ಷ

ಸುಳ್ಳು ಹೇಳುವ ಕೋರ್ ಒಂದು ಸಹಕಾರ ಸಂಘಕ್ಕೆ ಸಿಗುವ ಸಂಭವ ಎಷ್ಟು, ಮೊದಲನೆಯ ಯಂತ್ರ ಸತ್ತಾಗ ಎರಡನೆಯದು ಇಲ್ಲದಿರುವ ಸಂಭವ ಎಷ್ಟು? ದುಡ್ಡು ಮಿತವಾಗಿದ್ದಾಗ ನಾನು ಎರಡನೆಯದಕ್ಕೇ ಖರ್ಚು ಮಾಡುತ್ತೇನೆ. ಇಸಿಸಿ ಇರುವ ಸಣ್ಣ ಸರ್ವರ್ ಎರಡು, ಇಷ್ಟಕ್ಕೆ ಬೇಕಾದರೆ ಇಳಿಯುತ್ತೇನೆ.

ಲೆಕ್ಕದವಳು

ಇದು ಖಜಾಂಚಿಯವರಿಗೂ ಒಪ್ಪಿಗೆಯಾಗಬಹುದಾದ ಸಲಹೆ.

ಆದರೆ ಎರಡನ್ನೂ ಒಂದೇ ದಿನ, ಒಂದೇ ತಯಾರಿಕೆಯ ಡಿಸ್ಕ್‌ಗಳೊಂದಿಗೆ ತಂದರೆ ಇಮ್ಮಡಿಯ ಗಣಿತವೇ ಕುಸಿಯುತ್ತದೆ. ಆ ಗಣಿತ ನಿಂತಿರುವುದು ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧವಿಲ್ಲ ಎಂಬ ನಂಬಿಕೆಯ ಮೇಲೆ. 2019ರ ನವೆಂಬರ್‌ನಲ್ಲಿ ಸರ್ವರ್ ತಯಾರಕ ಎಚ್‌ಪಿಇ ತನ್ನ ಕೆಲವು ಎಸ್‌ಎಸ್‌ಡಿಗಳ (ಚಿಪ್‌ಗಳಿಂದ ಮಾಡಿದ ಡಿಸ್ಕ್‌ಗಳ) ಬಗ್ಗೆ ತಾನೇ ಎಚ್ಚರಿಕೆ ಹೊರಡಿಸಿತು: ಡಿಸ್ಕ್‌ನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನ ದೋಷದಿಂದ ಅವು 32,768 ಗಂಟೆ ಓಡಿದೊಡನೆ ಸಾಯುತ್ತವೆ, ದತ್ತಾಂಶ ಮರಳಿ ಸಿಗುವುದಿಲ್ಲ ಎಂದು. ಅದು 3 ವರ್ಷ 270 ದಿನ 8 ಗಂಟೆ. ಜೊತೆಗೆ ಹಾಕಿದ ಡಿಸ್ಕ್‌ಗಳು ಹೆಚ್ಚುಕಡಿಮೆ ಜೊತೆಗೇ ಹೋಗುತ್ತವೆ. ಹಲವು ಡಿಸ್ಕ್‌ಗಳನ್ನು ಜೋಡಿಸಿ ದತ್ತಾಂಶ ಕಾಯುವ ರೇಡ್ ಏರ್ಪಾಡು ಏನು ಮಾಡೀತು? ಫರ್ಮ್‌ವೇರ್ ಬದಲಿಸಿದವರು ಉಳಿದುಕೊಂಡರು. ಆದ್ದರಿಂದ ಜೋಡಿ ಡಿಸ್ಕ್‌ಗಳು ಬೇರೆ ಬೇರೆ ಮಾದರಿಯವಾಗಿರಲಿ ಅಥವಾ ಕೆಲವು ತಿಂಗಳ ಅಂತರದಲ್ಲಿ ಕೊಂಡವಾಗಿರಲಿ.

ಸ್ಕ್ರೂಡ್ರೈವರ್

ಅದಕ್ಕಿಂತಲೂ ಸಾಮಾನ್ಯವಾದದ್ದು: ಎರಡು ಪವರ್ ಸಪ್ಲೈಗಳ ಎರಡೂ ತಂತಿಗಳು ಒಂದೇ ಯುಪಿಎಸ್‌ಗೆ ಹೋಗಿರುತ್ತವೆ. ನಾನು ಹೋದ ಕಚೇರಿಗಳಲ್ಲಿ ಹೀಗಿಲ್ಲದ್ದನ್ನು ಕಂಡದ್ದೇ ಅಪರೂಪ. ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಯುಪಿಎಸ್‌ಗೆ ಅಥವಾ ಬೇರೆ ಫೇಸ್‌ಗೆ ಕೊಡಿ. ಒಂದು ಸಪ್ಲೈ ಒಂಟಿಯಾಗಿ ಇಡೀ ಭಾರ ಹೊರಬಲ್ಲುದೇ ಎಂದೂ ನೋಡಿ. ಮಾಮೂಲಿ ಹೊತ್ತಿನಲ್ಲೇ ತಲಾ ಶೇ 60 ಭಾರವಿದ್ದರೆ ಅವು ಎರಡಲ್ಲ, ಮುರಿದರೆ ಎರಡೂ ಬೀಳುವ ಒಂದು.

ಆಮೇಲೆ ತಿಂಗಳಿಗೊಮ್ಮೆ ಡಿಸ್ಕ್‌ನ ಮೂಲೆ ಮೂಲೆಯನ್ನೂ ಓದಿಸುವ ಗಸ್ತು ಚಾಲೂ ಇಡಿ. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗ ಕೆಟ್ಟಿರುವುದು ತಿಳಿಯುವುದು ಜೊತೆಯ ಡಿಸ್ಕ್ ಸತ್ತು ಪ್ರತಿ ಮಾಡಲು ಹೊರಟಾಗ. ಅದಕ್ಕಿಂತ ಕೆಟ್ಟ ಗಳಿಗೆ ಬೇರೆಯಿಲ್ಲ.

ಬಿಟ್ ಕಾವಲುಗಾರ್ತಿ

ಕರಾವಳಿ ಎಂದಿರಿ. ಉಪ್ಪಿನ ಗಾಳಿ ಮತ್ತು ತೇವ ಕನೆಕ್ಟರ್‌ಗಳ ಶತ್ರು. ಮೆಮೊರಿ ಪಟ್ಟಿ ಕಿತ್ತು ಒರೆಸಿ ಹಾಕಿದಾಗ ಯಂತ್ರ ಸರಿಹೋಯಿತು ಎಂದರೆ ಬಹಳ ಸಲ ಕಾರಣ ಇದೇ. ಕೊಠಡಿಯ ಕಿಟಕಿ ಮುಚ್ಚಿರಲಿ, 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ರಾತ್ರಿ ಎಸಿ ಆರಿಸಿ ಬೆಳಿಗ್ಗೆ ಹಾಕುವ ಉಳಿತಾಯ ಮಳೆಗಾಲದಲ್ಲಿ ಬೇಡ, ತೇವ ಏರಿಳಿಯುತ್ತದೆ. ಎಸಿಯ ನೀರು ತೊಟ್ಟಿಕ್ಕುವ ಜಾಗ ರ‍್ಯಾಕ್‌ನ ಮೇಲಿಲ್ಲ ತಾನೇ?

ಕಡಲತಡಿ

ಎಸಿ ಇರುವುದು ನೇರ ರ‍್ಯಾಕ್‌ನ ಮೇಲೆಯೇ. ನಾಳೆಯೇ ಜಾಗ ಬದಲಿಸಲು ಹೇಳುತ್ತೇನೆ.

ಇಸಿಸಿ ಮತ್ತು ಬಿಎಂಸಿ ಇರುವ ಮಧ್ಯಮ ಬೆಲೆಯ ಸರ್ವರ್ ಎರಡು, ಒಂದು ಪ್ರಧಾನ ಕಚೇರಿಯಲ್ಲಿ, ಇನ್ನೊಂದು ಶಾಖೆಯಲ್ಲಿ ಎಂದು ಟಿಪ್ಪಣಿ ಬರೆಯುತ್ತಿದ್ದೇನೆ. ಮಾರುವವರು ‘ನಾಲ್ಕು ಗಂಟೆಯ ಸೇವೆ’ ಎಂದು ಎಎಂಸಿಗೆ (ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ) ಹೆಚ್ಚು ಹಣ ಕೇಳುತ್ತಿದ್ದಾರೆ. ಕೊಡಬಹುದೇ?

ಸ್ಕ್ರೂಡ್ರೈವರ್

ಕೊಡುವ ಮುನ್ನ ಒಪ್ಪಂದದ ಆ ಸಾಲನ್ನು ಓದಿ. ಬಹುಮಟ್ಟಿಗೆ ಅದು ನಾಲ್ಕು ಗಂಟೆಯಲ್ಲಿ ‘ಸ್ಪಂದನೆ’ ಎಂದಿರುತ್ತದೆ. ಫೋನ್ ಎತ್ತಿ ದೂರಿನ ಸಂಖ್ಯೆ ಕೊಟ್ಟರೂ ಸ್ಪಂದನೆಯೇ. ದುರಸ್ತಿ ಎಷ್ಟು ಹೊತ್ತಿನಲ್ಲಿ ಎಂದು ಬರೆಸಿ. ಬಿಡಿಭಾಗಗಳ ದಾಸ್ತಾನು ಎಲ್ಲಿದೆ ಎಂದು ಕೇಳಿ. ಬೆಂಗಳೂರು ಎಂದರೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದ ದಿನ ನಿಮ್ಮ ನಾಲ್ಕು ಗಂಟೆ ಎಲ್ಲಿ ನಿಲ್ಲುತ್ತದೆಂದು ನಿಮಗೇ ಗೊತ್ತು. ಅದರ ಬದಲು ಮೂಲ ಎಎಂಸಿ ಸಾಕೆಂದು ಹೇಳಿ, ಉಳಿದ ಹಣಕ್ಕೆ ಒಂದು ಡಿಸ್ಕ್, ಒಂದು ಪವರ್ ಸಪ್ಲೈ, ಒಂದು ಫ್ಯಾನ್ ಖರೀದಿಸಿ ಕಚೇರಿಯ ಕಪಾಟಿನಲ್ಲೇ ಇಟ್ಟುಕೊಳ್ಳಿ. ಸರ್ವರ್ ಬಂದ ವಾರವೇ ಮಾರಿದವರ ಎದುರಿಗೆ ಒಂದು ಡಿಸ್ಕ್ ಎಳೆದು ನೋಡಿ. ಇಮೇಲ್ ಬಂದರೆ ಬಿಲ್ಲಿಗೆ ಸಹಿ ಹಾಕಿ.